ಟೆನ್ಷನ್ ಟೈಮಲ್ಲಿ ಕ್ಲಾಸ್ ಖುಷಿಯಾಗಿರೋದು ಅಂದ್ರೇನು, ಅದು ಆಗೋದು ಹೇಗೆ

ಪರೀಕ್ಷೆ ಹತ್ರ ಬಂದಾಗ, ಊರಲ್ಲಿ ಕಾಯಿಲೆ ಹರಡಿದಾಗ, ಮನೇಲಿ ದುಡಿಯೋರ ಕೆಲಸ ಹೋದಾಗ, ಅಥವಾ ಸುಮ್ನೆ ನ್ಯೂಸ್ ಹಾಕಿದ್ರೇನೇ ಎದೆ ಢವಢವ ಅನ್ನೋ ಕಾಲದಲ್ಲಿ ಟೀಚರ್‌ಗಳಿಗೆ ಒಂದು ಮಾತು ಬಂದೇ ಬರತ್ತೆ, "ಕ್ಲಾಸನ್ನ ಸ್ವಲ್ಪ ಖುಷಿಯಾಗಿಡಿ" ಅಂತ. 2020ರಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಸ್ಕೂಲು ಕಾಲೇಜು ಮುಚ್ಚಿ ಸುಮಾರು 160 ಕೋಟಿ ಮಕ್ಕಳು ಮನೇಲಿ ಕೂತಿದ್ರಲ್ಲ, ಅವತ್ತಿಂದ ಈ ಮಾತು ಇನ್ನೂ ಜಾಸ್ತಿ ಆಗಿದೆ. ಕೇಳಿಸ್ಕೊಂಡ ಮೇಷ್ಟ್ರು ಮನಸಲ್ಲೇ ಅಂದ್ಕೊಳ್ಳೋದು ಮಾತ್ರ ಬೇರೆ. ಪೋರ್ಷನ್ ಮುಗಿದಿಲ್ಲ, ಅರ್ಧ ಮಕ್ಕಳು ಬಂದಿಲ್ಲ, ಬಂದಿರೋರ ಗಮನ ಎಲ್ಲೋ ಇದೆ, ನನಗೇ ರಾತ್ರಿ ನಿದ್ದೆ ಇಲ್ಲ, ಇದರ ಮಧ್ಯೆ ಖುಷಿ ಬೇರೆ ಕೇಡು, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವಂತೆ.

ನಾನೂ ಪಾಠ ಮಾಡೋನೇ, ಹಾಗೇ ಅಂದ್ಕೊಂಡಿದ್ದೆ. ಆಮೇಲೆ ತಲೆ ಕಲಿಯೋದು ಹೇಗೆ ಅಂತ ಸ್ವಲ್ಪ ಓದಿದ ಮೇಲೆ ಗೊತ್ತಾಗಿದ್ದು, ಖುಷಿಯನ್ನ ಮಲ್ಲಿಗೆ ಹೂವಿನ ಲೆಕ್ಕಕ್ಕೆ ಹಾಕಿದ್ದೇ ತಪ್ಪು, ಅದು ಹಿಟ್ಟಿನ ಲೆಕ್ಕಕ್ಕೇ ಸೇರೋದು. ಯಾಕೆ ಅಂತ ಬುಡದಿಂದ ನೋಡೋಣ.

ಸ್ಟ್ರೆಸ್ ಅಂದ್ರೆ ಮೈಯಲ್ಲಿ ಏನಾಗತ್ತೆ

ಏನೋ ಅಪಾಯ ಇದೆ ಅಂತ ಮೆದುಳಿಗೆ ಅನ್ನಿಸಿದ ತಕ್ಷಣ ಅದು ಎರಡು ದಾರೀಲಿ ಸುದ್ದಿ ಮುಟ್ಟಿಸತ್ತೆ. ಒಂದು ಎಕ್ಸ್‌ಪ್ರೆಸ್, ಇನ್ನೊಂದು ಪ್ಯಾಸೆಂಜರ್. ಎಕ್ಸ್‌ಪ್ರೆಸ್ಸಲ್ಲಿ ಬರೋದು ಅಡ್ರಿನಲಿನ್, ಕೆಲವೇ ಸೆಕೆಂಡಲ್ಲಿ ಎದೆ ಬಡಿತ ಏರತ್ತೆ, ಅಂಗೈ ಬೆವರತ್ತೆ. ನಿಧಾನಕ್ಕೆ ಬರೋದು ಕಾರ್ಟಿಸಾಲ್ ಅನ್ನೋ ಹಾರ್ಮೋನು. ಎರಡನ್ನೂ ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಗಳೇ ಬಿಡೋದು. ಆದ್ರೆ ಕಾರ್ಟಿಸಾಲ್ ಮೇಲಕ್ಕೆ ಹೋಗಿ ಮುಟ್ಟೋದಕ್ಕೆ ಟೆನ್ಷನ್ ಶುರುವಾದ ಮೇಲೆ ಸುಮಾರು 20ರಿಂದ 30 ನಿಮಿಷ ಬೇಕು, ಇಳಿಯೋದಕ್ಕೆ ಇನ್ನೂ ಟೈಮ್ ಬೇಕು.

ಇದನ್ನ ಟೀಚರ್ ಕಣ್ಣಿಂದ ನೋಡಿ. ಪೀರಿಯಡ್ ಶುರುವಲ್ಲೇ ಹೋಂವರ್ಕ್ ತಂದಿಲ್ಲ ಅಂತ ಒಬ್ಬಳನ್ನ ಎಲ್ಲರೆದುರು ಚೆನ್ನಾಗಿ ಬೈದು, ಎರಡು ನಿಮಿಷಕ್ಕೆ ನೀವು ಮರೆತು ಪಾಠಕ್ಕೆ ಹೋಗಿರ್ತೀರ. ನಿಮಗೆ ಮುಗೀತು. ಅವಳ ಮೈಯಲ್ಲಿ ಅದು ಈಗ ತಾನೇ ಏರ್ತಾ ಇರತ್ತೆ, ನೀವು ಪಾಠದ ಮುಖ್ಯ ಭಾಗಕ್ಕೆ ಬರೋ ಹೊತ್ತಿಗೆ ಸರಿಯಾಗಿ ಅವಳ ಕಾರ್ಟಿಸಾಲ್ ಮೇಲಿರತ್ತೆ. "ಬೈದು ಎಷ್ಟೊತ್ತಾಯ್ತು, ಇನ್ನೂ ಮುಖ ಊದಿಸ್ಕೊಂಡು ಕೂತಿದ್ಯಲ್ಲ" ಅಂತ ನಾವು ಕೇಳೋದಕ್ಕೆ ಉತ್ತರ ಇದೇ.

ಹಾಗಂತ ಟೆನ್ಷನ್ ಪೂರ್ತಿ ಕೆಟ್ಟದ್ದು ಅಂತೇನಿಲ್ಲ. 1908ರಲ್ಲೇ ಅಮೆರಿಕಾದ ಯರ್ಕ್ಸ್ ಮತ್ತು ಡಾಡ್ಸನ್ ಅನ್ನೋ ಇಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದ್ರು, ಬಿಳಿ ಡಬ್ಬಿ ಯಾವುದು ಕಪ್ಪು ಡಬ್ಬಿ ಯಾವುದು ಅಂತ ಕಲೀಬೇಕು, ತಪ್ಪಿದ್ರೆ ಕರೆಂಟ್ ಶಾಕ್. ವ್ಯತ್ಯಾಸ ಎದ್ದು ಕಾಣೋ ಹಾಗಿದ್ದಾಗ ಶಾಕ್ ಜೋರಾದಷ್ಟೂ ಇಲಿ ಬೇಗ ಕಲೀತು. ವ್ಯತ್ಯಾಸ ಸೂಕ್ಷ್ಮವಾದಾಗ ಮಾತ್ರ ಜೋರು ಶಾಕ್ ಕೆಲಸಕ್ಕೆ ಬರಲಿಲ್ಲ, ಮಧ್ಯಮ ಶಾಕೇ ಒಳ್ಳೇದಿತ್ತು. ಅಂದ್ರೆ ಭಯ ಹುಟ್ಟಿಸಿ ಮಗ್ಗಿ ಬಾಯಿಪಾಠ ಮಾಡಿಸಬಹುದೇನೋ, ಯೋಚನೆ ಮಾಡಬೇಕಾದ ಲೆಕ್ಕ ಮಾಡಿಸಕ್ಕಾಗಲ್ಲ. (ಇಲಿ ಬೇರೆ ಮಕ್ಕಳು ಬೇರೆ ಅಂತ ನನಗೂ ಗೊತ್ತು. ಆದ್ರೂ ಕ್ಲಾಸಲ್ಲಿ ನೋಡಿರೋರು ತಲೆ ಅಲ್ಲಾಡಿಸ್ತೀರ ಅನ್ಕೊಂಡಿದ್ದೀನಿ.)

ನಾಲ್ಕು ಜನ ಕೂರೋ ಬೆಂಚು

ಈಗ ಮುಖ್ಯ ವಿಷಯ. ನಾವು ಏನಾದ್ರೂ ಯೋಚನೆ ಮಾಡೋವಾಗ, ಆ ಕ್ಷಣಕ್ಕೆ ಬೇಕಾದ್ದನ್ನ ಮಾತ್ರ ತಲೇಲಿ ಹಿಡಿದಿಟ್ಕೊಳ್ಳೋ ಒಂದು ಜಾಗ ಇದೆ, ಅದಕ್ಕೆ ವರ್ಕಿಂಗ್ ಮೆಮೊರಿ ಅಂತಾರೆ. 47 ಮತ್ತು 38 ಬಾಯಲ್ಲೇ ಕೂಡಿಸೋವಾಗ ದಶಕ ಕೈಯಲ್ಲಿ ಇಟ್ಕೊಳ್ತೀವಲ್ಲ, ಆ "ಕೈ" ಇದೇ. ಇದು ತುಂಬಾ ಚಿಕ್ಕದು. ಏಳು ಸಂಗತಿ ಹಿಡಿಯತ್ತೆ, ಎರಡು ಆಚೆ ಈಚೆ, ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ್ರು, ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅನ್ನೋರು ಅಷ್ಟೂ ಇಲ್ಲ, ನಾಲ್ಕು ಅಂದ್ಕೊಳ್ಳಿ ಅಂದ್ರು.

ಅಂದ್ರೆ ತಲೆಯೊಳಗೆ ನಾಲ್ಕು ಜನ ಕೂರೋ ಒಂದು ಬೆಂಚಿದೆ. ಹೊಸ ಪಾಠದ ಒಂದೊಂದು ತುಣುಕೂ ಬಂದು ಅಲ್ಲೇ ಕೂರಬೇಕು, ಪಕ್ಕದವರನ್ನ ಪರಿಚಯ ಮಾಡ್ಕೊಬೇಕು, ಆಮೇಲೆ ಒಳಗಡೆ ಹೋಗಿ ನೆನಪಾಗಿ ಉಳೀಬೇಕು. ಆತಂಕ ಇದ್ಯಲ್ಲ, ಅದು ಎಲ್ಲರಿಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕಾಲು ಚಾಚಿ ಕೂತ್ಬಿಡತ್ತೆ. ಅಪ್ಪ ಆಸ್ಪತ್ರೇಲಿದ್ದಾರೆ, ಫೀಸ್ ಕಟ್ಟಿಲ್ಲ, ಈ ಸಲ ಫೇಲ್ ಆದ್ರೆ ಏನು ಗತಿ. ಎರಡು ಸೀಟು ಹೋಯ್ತು. ಉಳಿದ ಎರಡರಲ್ಲಿ ನಾವು ಬೀಜಗಣಿತ ಕೂರಿಸಬೇಕು. ಮಗು ದಡ್ಡ ಆಗಿರಲ್ಲ, ಜಾಗ ಇರಲ್ಲ ಅಷ್ಟೆ, ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣತ್ತೆ.

ನಾನು ಹೇಳ್ಬೇಕು ಅಂದ್ಕೊಂಡಿದ್ದು ಇದೊಂದೇ. ಟೆನ್ಷನ್ ಕಾಲದಲ್ಲಿ ಕ್ಲಾಸ್ ಖುಷಿಯಾಗಿಡೋದು ಅಂದ್ರೆ ಮೊದಲು ಈ ಬೆಂಚಿನ ಮೇಲೆ ಜಾಗ ಮಾಡೋದು. ಹೊಸದಾಗಿ ಏನೋ ತಂದು ಸೇರಿಸೋದು ಆಮೇಲಿನ ಮಾತು, ಎಷ್ಟೋ ಸಲ ಅದು ಬೇಕಾಗೋದೂ ಇಲ್ಲ.

ಲ್ಯಾಬಲ್ಲಿ ಟೆನ್ಷನ್ ಹುಟ್ಟಿಸೋದು ಹೇಗೆ ಗೊತ್ತಾ

ಸ್ಟ್ರೆಸ್ ಬಗ್ಗೆ ಸಂಶೋಧನೆ ಮಾಡೋರಿಗೆ ಒಂದು ಕಷ್ಟ ಇತ್ತು, ಆರಾಮಾಗಿರೋ ಜನರಿಗೆ ಲ್ಯಾಬಲ್ಲಿ ಬೇಕಾದಾಗ ಟೆನ್ಷನ್ ಬರಿಸೋದು ಹೇಗೆ ಅಂತ. 1993ರಲ್ಲಿ ಜರ್ಮನಿಯ ಟ್ರಿಯರ್ ಅನ್ನೋ ಊರಿನ ವಿಶ್ವವಿದ್ಯಾಲಯದವರು ಒಂದು ವಿಧಾನ ಪ್ರಕಟಿಸಿದ್ರು, ಇವತ್ತಿಗೂ ಜಗತ್ತಿನ ಎಲ್ಲಾ ಕಡೆ ಅದನ್ನೇ ಬಳಸ್ತಾರೆ. ಒಬ್ಬರನ್ನ ಕರ್ಕೊಂಡು ಬಂದು, ಮುಖದಲ್ಲಿ ಒಂದು ಚೂರೂ ನಗು ತೋರಿಸದ ಎರಡು ಮೂರು ಜನರ ಮುಂದೆ ನಿಲ್ಲಿಸ್ತಾರೆ, ಐದು ನಿಮಿಷ ಭಾಷಣ, ಆಮೇಲೆ ಐದು ನಿಮಿಷ ಬಾಯಿಲೆಕ್ಕ, 1022ರಿಂದ 13 ಕಳೀತಾ ಹೋಗಬೇಕು ಜೋರಾಗಿ ಹೇಳ್ಕೊಂಡು. ತಪ್ಪಿದ ಕೂಡ್ಲೆ "ತಪ್ಪು, ಮತ್ತೆ 1022ರಿಂದ ಶುರು ಮಾಡಿ" ಅಂತಾರೆ. ಇಷ್ಟೇ. ಕಾರ್ಟಿಸಾಲ್ ಸರ್ರಂತ ಏರತ್ತೆ.

ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆ ಆಯ್ತು. ದೊಡ್ಡವರಿಗೆ ಟೆನ್ಷನ್ ಬರಿಸಕ್ಕೆ ವಿಜ್ಞಾನಿಗಳು ಹುಡುಕಿ ಹುಡುಕಿ ಕಂಡ್ಕೊಂಡ ಉಪಾಯವನ್ನ ನಾವು ದಿನಾ ಬೋರ್ಡ್ ಹತ್ರ ಹನ್ನೊಂದು ವರ್ಷದ ಮಕ್ಕಳ ಮೇಲೆ ಮಾಡ್ತಾ ಇದೀವಿ, ಅದಕ್ಕೆ ಪಾಠ ಅಂತ ಹೆಸರು ಕೊಟ್ಟಿದೀವಿ.

ಕೆನಡಾದಲ್ಲಿ ಸೋನಿಯಾ ಲೂಪಿಯೆನ್ ಅನ್ನೋ ಸಂಶೋಧಕಿ ಇದ್ದಾರೆ, ಯಾವ ಸಂದರ್ಭ ಆದ್ರೂ ಸರಿ, ಅದು ಸ್ಟ್ರೆಸ್ ಆಗೋಕೆ ನಾಲ್ಕರಲ್ಲಿ ಯಾವುದಾದ್ರೂ ಒಂದು ಇರತ್ತೆ ಅಂತ ಅವರು ವಿವರಿಸ್ತಾರೆ. ಅದು ಹೊಸದಾಗಿರಬೇಕು, ಇಲ್ಲಾ ಮುಂದೇನು ಅಂತ ಊಹಿಸಕ್ಕೆ ಆಗದ ಹಾಗಿರಬೇಕು, ಇಲ್ಲಾ ನಮ್ಮ ಮಾನಕ್ಕೆ ಪೆಟ್ಟು ಬೀಳೋ ಹಾಗಿರಬೇಕು, ಇಲ್ಲಾ ನಮ್ಮ ಹಿಡಿತದಲ್ಲಿ ಇಲ್ಲ ಅನ್ನಿಸಬೇಕು. ಜಾಸ್ತಿ ಸೇರಿದಷ್ಟೂ ಜಾಸ್ತಿ ಟೆನ್ಷನ್. ಬೋರ್ಡ್ ಹತ್ರದ ಲೆಕ್ಕದಲ್ಲಿ ಎಷ್ಟಿದೆ ಎಣಿಸಿ ನೋಡಿ. ಹೊರಗಿನ ಪ್ರಪಂಚದ ಕಾಯಿಲೆನೋ ನೆರೆನೋ ಯುದ್ಧಾನೋ ಟೀಚರ್ ಕೈಲಿಲ್ಲ, ಆದ್ರೆ ನಾಲ್ಕು ಗೋಡೆ ಒಳಗೆ ಈ ನಾಲ್ಕೂ ಟೀಚರ್ ಕೈಲೇ ಇದೆ.

ಖುಷಿ ಅಂದ್ರೆ ನಗಿಸೋದಾ?

ಒಂದು ಸಲ ನಾನು ಭಿನ್ನರಾಶಿ ಪಾಠವನ್ನ ಟೀವಿ ಕ್ವಿಜ್ ಥರ ಮಾಡಿದ್ದೆ. ಟೀಮು, ಸ್ಕೋರ್‌ಬೋರ್ಡು, ಬಜರ್ ಸೌಂಡು, ಎಲ್ಲಾ. ಕಿರುಚಾಟ ಕೇಳಿ ಪಕ್ಕದ ಕ್ಲಾಸಿನವರು ಬಂದು ಬಾಗಿಲಲ್ಲಿ ನಿಂತು ನೋಡಿದ್ರು, ನಾನಂತೂ ಸಖತ್ ಖುಷಿಯಲ್ಲಿದ್ದೆ. ಮಾರನೇ ದಿನ ಕೇಳಿದ್ರೆ ಯಾವ ಟೀಮಿಗೆ ಎಷ್ಟು ಪಾಯಿಂಟ್ ಅಂತ ಎಲ್ಲರಿಗೂ ನೆನಪಿದೆ, ಛೇದ ಸಮ ಮಾಡೋದು ಹೇಗೆ ಅಂತ ನೆನಪಿರೋರು ಮೊದಲೇ ಬರ್ತಿದ್ದೋರು ಮಾತ್ರ.

ಇದಕ್ಕೂ ಕಾರಣ ಬೆಂಚೇ. 1998ರಲ್ಲಿ ಹಾರ್ಪ್ ಮತ್ತು ಮೇಯರ್ ಅನ್ನೋರು ಒಂದು ಪ್ರಯೋಗ ಮಾಡಿದ್ರು, ಮಿಂಚು ಹೇಗೆ ಹುಟ್ಟತ್ತೆ ಅನ್ನೋ ಪಾಠವನ್ನ ಕೆಲವರಿಗೆ ನೇರವಾಗಿ ಕೊಟ್ರು, ಇನ್ನು ಕೆಲವರಿಗೆ ಮಧ್ಯೆ ಮಧ್ಯೆ ಸಿಡಿಲು ಬಡಿದವರ ಬಗ್ಗೆ ರೋಚಕ ಸಂಗತಿಗಳನ್ನ ಸೇರಿಸಿ ಕೊಟ್ರು. ರೋಚಕ ಸಂಗತಿ ಓದಿದೋರಿಗೆ ಮಿಂಚು ಹುಟ್ಟೋ ಬಗೆ ಕಮ್ಮಿ ನೆನಪಿತ್ತು. ಪಾಠಕ್ಕೆ ಸಂಬಂಧ ಇಲ್ಲದ ಮಜಾ ಕೂಡ ಒಂದು ಸೀಟು ತಗೊಳ್ಳತ್ತೆ ಅಂತಾಯ್ತು, ಆತಂಕದ ಥರಾನೇ.

ಹಾಗಾದ್ರೆ ಜೋಕ್ ಹೊಡೀಲೇಬಾರದಾ? ಹೊಡೀಬಹುದು, ಪಾಠದ ಒಳಗಿನ ಜೋಕ್ ಆಗಿರಬೇಕು. ಅವ್ನರ್ ಝಿವ್ ಅನ್ನೋ ಇಸ್ರೇಲಿನ ಮನಶ್ಶಾಸ್ತ್ರಜ್ಞ 1988ರಲ್ಲಿ ಸಂಖ್ಯಾಶಾಸ್ತ್ರದ ಕ್ಲಾಸಲ್ಲಿ (ಸಂಖ್ಯಾಶಾಸ್ತ್ರ ನೋಡಿ, ನಗೋಕೆ ಇದಕ್ಕಿಂತ ಕಷ್ಟದ ಜಾಗ ಇಲ್ಲ) ಇದನ್ನ ಪರೀಕ್ಷೆ ಮಾಡಿದ್ರು. ಒಂದು ಕ್ಲಾಸಿಗೆ ಮೂರು ನಾಲ್ಕು ತಮಾಷೆ, ಅದೂ ಆಗ ತಾನೇ ಹೇಳಿದ ವಿಷಯಕ್ಕೇ ಅಂಟಿದ್ದು, ಆಮೇಲೆ ಅದೇ ವಿಷಯವನ್ನ ಬೇರೆ ಮಾತಲ್ಲಿ ಮತ್ತೆ ಹೇಳೋದು. ಒಂದು ಸೆಮಿಸ್ಟರ್ ಹೀಗೆ ಕಲಿತವರಿಗೆ ಪರೀಕ್ಷೇಲಿ ಜಾಸ್ತಿ ಅಂಕ ಬಂತು.

ಇನ್ನು ಕ್ಲಾಸಲ್ಲಿ ಸಿಗೋ ಅಸಲಿ ಖುಷಿ ಯಾವುದಪ್ಪಾ ಅಂದ್ರೆ "ಓ, ಗೊತ್ತಾಯ್ತು" ಅನ್ನೋದು. ತೀರಾ ಸುಲಭ ಆದ್ರೆ ಬೋರು, ತೀರಾ ಕಷ್ಟ ಆದ್ರೆ ಗಾಬರಿ, ಕೈಗೆ ಎಟುಕೋ ಎಟುಕದ ಹಾಗಿರೋ ಜಾಗದಲ್ಲಿ ಮಾತ್ರ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅನ್ನೋ ಮನಶ್ಶಾಸ್ತ್ರಜ್ಞ ಅದಕ್ಕೆ ಫ್ಲೋ ಅಂತ ಹೆಸರಿಟ್ರು. ಟೆನ್ಷನ್ ಕಾಲದಲ್ಲಿ ಆ ಎಟುಕೋ ಎತ್ತರ ಸ್ವಲ್ಪ ಕೆಳಗೆ ಬಂದಿರತ್ತೆ, ನಾವು ಹಳೇ ಎತ್ತರದಲ್ಲೇ ಹಗ್ಗ ಕಟ್ಟಿ ಹಾರು ಅಂತೀವಿ.

ಟೀಚರ್ ಮುಖ ನೋಡೇ ಮಕ್ಕಳಿಗೆ ಗೊತ್ತಾಗತ್ತೆ

ಆಕಳಿಕೆ ಹೆಂಗೆ ಒಬ್ಬರಿಂದ ಒಬ್ಬರಿಗೆ ಅಂಟತ್ತೋ ಮೂಡೂ ಹಾಗೇ. 2009ರಲ್ಲಿ ಜರ್ಮನಿಯ ಏಳು ಎಂಟನೇ ಕ್ಲಾಸಿನ ಗಣಿತದ ತರಗತಿಗಳಲ್ಲಿ ಆನ್ ಫ್ರೆನ್ಜೆಲ್ ಮತ್ತು ಜೊತೆಯವರು ಮಾಡಿದ ಅಧ್ಯಯನದಲ್ಲಿ ಟೀಚರ್ ಗಣಿತ ಹೇಳ್ಕೊಡೋದನ್ನ ಎಂಜಾಯ್ ಮಾಡ್ತಿದ್ರೆ ಮಕ್ಕಳೂ ಎಂಜಾಯ್ ಮಾಡೋದು ಕಂಡಿತು, ದಾಟಿಸ್ತಿದ್ದ ಸೇತುವೆ ಟೀಚರ್ ತೋರಿಸೋ ಉತ್ಸಾಹ. ಉಲ್ಟಾನೂ ಇದೆ. 2016ರಲ್ಲಿ ಕೆನಡಾದಲ್ಲಿ 400ಕ್ಕೂ ಹೆಚ್ಚು ಮಕ್ಕಳ ಎಂಜಲು ತಗೊಂಡು ಕಾರ್ಟಿಸಾಲ್ ಅಳೆದ್ರು, ತೀರಾ ಸುಸ್ತಾಗಿ ಬೆಂದುಹೋಗಿದ್ದ ಟೀಚರ್‌ಗಳ ಕ್ಲಾಸಿನ ಮಕ್ಕಳಿಗೆ ಬೆಳಗಿನ ಕಾರ್ಟಿಸಾಲ್ ಜಾಸ್ತಿ ಇತ್ತು. ಟೀಚರ್ ಸುಸ್ತಿಂದ ಮಕ್ಕಳಿಗೆ ಹಾಗಾಯ್ತಾ, ಕಷ್ಟದ ಮಕ್ಕಳಿಂದ ಟೀಚರ್ ಸುಸ್ತಾದ್ರಾ ಅನ್ನೋದು ಆ ಅಧ್ಯಯನದಿಂದ ಹೇಳಕ್ಕಾಗಲ್ಲ, ಎರಡೂ ಇರಬಹುದು.

ಈ ಬೆಂದುಹೋಗೋದಕ್ಕೆ ಬರ್ನ್‌ಔಟ್ ಅಂತಾರೆ. ಕ್ರಿಸ್ಟಿನಾ ಮಾಸ್ಲಾಕ್ ಅನ್ನೋ ಸಂಶೋಧಕಿ ಇದಕ್ಕೆ ಮೂರು ಮುಖ ಅಂದ್ರು, ಪೂರ್ತಿ ಬತ್ತಿಹೋಗಿರೋದು, ಎದುರಿಗಿರೋರನ್ನ ಮನುಷ್ಯರ ಥರ ನೋಡೋದೇ ನಿಂತುಹೋಗೋದು, ನಾನು ಮಾಡ್ತಿರೋದ್ರಿಂದ ಏನೂ ಉಪಯೋಗ ಇಲ್ಲ ಅನ್ನಿಸೋದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಪಟ್ಟಿಗೆ ಸೇರಿಸಿತು, ರೋಗ ಅಂತ ಅಲ್ಲ.

ಹಾಗಾದ್ರೆ ಒಳಗೆ ಏನಿದ್ರೂ ಹಲ್ಲು ಕಿರಿದು ನಿಂತ್ಕೊಬೇಕಾ? ಬೇಡ. ಆರ್ಲೀ ಹೋಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1983ರಲ್ಲಿ ಗಗನಸಖಿಯರ ಕೆಲಸ ನೋಡಿ ಬರೆದಿದ್ದು ಇದನ್ನೇ, ಡ್ಯೂಟಿಗೋಸ್ಕರ ಇಲ್ಲದ ನಗು ಹಾಕ್ಕೊಳ್ಳೋದೂ ಒಂದು ದುಡಿಮೆ, ಅದೂ ಮನುಷ್ಯನ್ನ ಸವೆಸತ್ತೆ. ಅದರ ಬದಲು "ಇವತ್ತು ನನಗೆ ಸ್ವಲ್ಪ ಹುಷಾರಿಲ್ಲ, ದನಿ ಕಮ್ಮಿ ಇರತ್ತೆ, ನಿಮ್ಮ ಮೇಲೆ ಕೋಪ ಏನಿಲ್ಲ" ಅಂತ ಒಂದು ಮಾತು ಹೇಳಿಬಿಟ್ರೆ ಮಕ್ಕಳಿಗೆ ಊಹೆ ಮಾಡೋ ಕೆಲಸ ತಪ್ಪತ್ತೆ. ಆಮೇಲೆ ಇಡೀ ಪಾಠದಲ್ಲಿ ನಿಮಗೇ ಇಷ್ಟ ಆಗೋ ಒಂದು ಜಾಗ ಇರತ್ತಲ್ಲ, ಅದಕ್ಕೆ ಐದು ನಿಮಿಷ ಜಾಸ್ತಿ ಕೊಡಿ, ಅಲ್ಲಿ ಉತ್ಸಾಹವನ್ನ ನಟಿಸೋದು ಬೇಕಾಗಲ್ಲ.

ಕ್ಲಾಸಲ್ಲಿ ಮಾಡೋದೇನು ಹಾಗಾದ್ರೆ

ಮೊದಲನೇದು ಊಹಿಸಕ್ಕೆ ಆಗೋ ಹಾಗಿರೋದು. ಹೊರಗೆ ಎಲ್ಲಾ ಏರುಪೇರಾದಾಗ ಕ್ಲಾಸ್ ದಿನಾ ಒಂದೇ ರೀತಿ ಶುರುವಾಗೋದೇ ಒಂದು ಸಮಾಧಾನ. ನಾನು ಬೋರ್ಡಿನ ಮೂಲೇಲಿ ಇವತ್ತು ಏನೇನು ಅಂತ ಮೂರು ಸಾಲು ಬರೀತೀನಿ, ಆಮೇಲೆ ನಿನ್ನೆ ಪಾಠದಿಂದ ಮೂರು ಪ್ರಶ್ನೆ, ಮಾರ್ಕ್ಸ್ ಇಲ್ಲ, ಉತ್ತರ ಅವರವರ ನೋಟ್‌ಬುಕ್ಕಲ್ಲಿ, ಸರಿ ತಪ್ಪು ಅವರೇ ನೋಡ್ಕೊಳ್ಳೋದು. ಇದು ಬರೀ ಸಮಾಧಾನಕ್ಕಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಸಂಶೋಧಕರು ತೋರಿಸಿದ ಹಾಗೆ, ಓದಿದ್ದನ್ನೇ ಮತ್ತೆ ಓದಿದೋರಿಗೆ ಐದು ನಿಮಿಷದ ನಂತರ ಚೆನ್ನಾಗಿ ನೆನಪಿತ್ತು, ಆದ್ರೆ ಒಂದು ವಾರ ಆದ್ಮೇಲೆ ಗೆದ್ದಿದ್ದು ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡು ಬರೆದೋರು. ಕಷ್ಟದ ದಿನದಲ್ಲಿ ಮೂರರಲ್ಲಿ ಒಂದು ಪ್ರಶ್ನೆ ಎಲ್ಲರಿಗೂ ಬರೋ ಹಾಗಿರಲಿ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರೋದು ನನಗೆ ಇವತ್ತಿಗೂ ಕಷ್ಟ. ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲಿ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ನೋಡಿದಾಗ ಟೀಚರ್‌ಗಳು ಉತ್ತರಕ್ಕೆ ಕಾಯ್ತಿದ್ದಿದ್ದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದ ಆದವು, ಯಾವತ್ತೂ ಬಾಯಿ ಬಿಡದ ಮಕ್ಕಳು ಮಾತಾಡಿದ್ರು, "ಗೊತ್ತಿಲ್ಲ" ಅನ್ನೋದು ಕಮ್ಮಿ ಆಯ್ತು. ಮೂರೇ ಸೆಕೆಂಡು, ಆದ್ರೂ ಕ್ಲಾಸ್ ಮುಂದೆ ನಿಂತಿರೋರಿಗೆ ಅದು ಮೂರು ನಿಮಿಷದ ಥರ ಇರತ್ತೆ.

ಮಾನದ ವಿಷಯಕ್ಕೆ ಬಂದ್ರೆ, ಬೋರ್ಡಿಗೆ ಕರೀಲೇಬೇಡಿ ಅಂತಲ್ಲ, ಇಬ್ಬಿಬ್ಬರನ್ನ ಕರೀರಿ, ಒಬ್ಬ ಹೇಳಲಿ ಒಬ್ಬ ಬರೀಲಿ. ಮೊದಲ ತಪ್ಪು ನೀವೇ ಬೇಕಂತ ಮಾಡಿ, ಹಿಡಿಯೋ ಕೆಲಸ ಅವರಿಗೆ ಬಿಡಿ. ಹಿಡಿತಕ್ಕೆ ಅಂದ್ರೆ ಹತ್ತು ಲೆಕ್ಕ ಕೊಟ್ಟು ನಿಮಗೆ ಬೇಕಾದ ಐದು ಮಾಡಿ ಅನ್ನಿ, ಬಹಳ ಜನ ಸುಲಭದ್ದೇ ಆರಿಸ್ತಾರೆ ಅಂದ್ಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ಪೋರ್ಷನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಪೀರಿಯಡ್ಡಲ್ಲಿ ಹೊಸ ವಿಷಯ ಒಂದೇ ಇಡಿ, ಎರಡನೇದು ನಾಳೆಗೆ. ಮುಗಿಸಿದ್ದೀನಿ ಅಂತ ಡೈರಿಯಲ್ಲಿ ಬರೆದಿದ್ದು ಬೆಂಚಿನ ಮೇಲೆ ಕೂತೇ ಇಲ್ಲ ಅಂದ್ರೆ ರಿವಿಷನ್‌ನಲ್ಲಿ ಬಡ್ಡಿ ಸಮೇತ ವಾಪಸ್ ಬರತ್ತೆ.

ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನ ಕಾಗದದ ಮೇಲೆ ಬರೆದ್ರೆ ಅಂಕ ಏರತ್ತೆ ಅಂತ 2011ರ ಒಂದು ಅಧ್ಯಯನ ತುಂಬಾ ಹೆಸರು ಮಾಡಿತ್ತು, ಈಗಲೂ ಟ್ರೈನಿಂಗ್‌ಗಳಲ್ಲಿ ಹೇಳ್ತಿರ್ತಾರೆ. 2018ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಮಕ್ಕಳಿಗೆ ಹಗುರ ಅನ್ನಿಸಿದ್ರೆ ಬರೆಸಿ, ಮಂತ್ರ ಅಂದ್ಕೊಬೇಡಿ. ಇನ್ನು ವಾರಗಟ್ಟಲೆ ಊಟ ನಿದ್ದೆ ಬಿಟ್ಟ ಮಗು, ಇದ್ದಕ್ಕಿದ್ದಂಗೆ ಮಾತು ನಿಲ್ಲಿಸಿದ ಮಗು, ಸಾಯೋ ಮಾತಾಡೋ ಮಗು ಇದ್ರೆ ಅದು ಪಾಠದ ವಿಧಾನದಿಂದ ಸರಿಹೋಗೋ ವಿಷಯ ಅಲ್ಲ, ಅವತ್ತೇ ಮನೆಯವರ ಹತ್ರ ಮತ್ತೆ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ರ ಮಾತಾಡಬೇಕು.

ತೀರಾ ಕೆಟ್ಟ ಕಾಲದಲ್ಲೂ ಇದು ಆಗತ್ತಾ

1971ರಲ್ಲಿ ಅಮೆರಿಕಾದ ಆಸ್ಟಿನ್‌ನಲ್ಲಿ ಅಲ್ಲೀತನಕ ಬೇರೆ ಬೇರೆ ಇದ್ದ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನ ಒಂದೇ ಕ್ಲಾಸಿಗೆ ಸೇರಿಸಿದಾಗ ದಿನಾ ಜಗಳ. ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞನ್ನ ಕರೆಸಿದ್ರು. ಅವರು ಉಪದೇಶ ಏನೂ ಮಾಡಲಿಲ್ಲ, ಐದಾರು ಮಕ್ಕಳ ಗುಂಪು ಮಾಡಿ ಪಾಠವನ್ನ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ರು. ಪೂರ್ತಿ ಪಾಠ ಬೇಕಂದ್ರೆ ಪಕ್ಕದವನ ಮಾತು ಕೇಳಲೇಬೇಕು, ಅವನನ್ನ ಆಡ್ಕೊಂಡ್ರೆ ನಷ್ಟ ತನಗೇ. ಕೆಲವು ವಾರಗಳಲ್ಲಿ ಮಕ್ಕಳಿಗೆ ಒಬ್ಬರನ್ನೊಬ್ಬರು ಕಂಡ್ರೆ ಇಷ್ಟ ಆಗೋದು, ಸ್ಕೂಲು ಇಷ್ಟ ಆಗೋದು ಎರಡೂ ಜಾಸ್ತಿ ಆಯ್ತು. ಇದಕ್ಕೆ ಜಿಗ್ಸಾ ಕ್ಲಾಸ್‌ರೂಮ್ ಅಂತಾರೆ.

ಇನ್ನೊಂದು ಇದಕ್ಕಿಂತ ಕತ್ತಲ ಕಾಲದ್ದು. ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಅನ್ನೋ ಚಿತ್ರಕಲಾವಿದೆಯನ್ನ ನಾಜಿಗಳು 1942ರ ಡಿಸೆಂಬರ್‌ನಲ್ಲಿ ಯಹೂದಿಗಳನ್ನ ಕೂಡಿಹಾಕ್ತಿದ್ದ ಟೆರೆಜಿನ್ ಅನ್ನೋ ಶಿಬಿರದಲ್ಲಿ ಬಂಧಿಸಿಟ್ರು. ಅಲ್ಲಿ ಆಕೆ ಮಕ್ಕಳಿಗೆ ಚಿತ್ರ ಹೇಳಿಕೊಟ್ರು. ಬಣ್ಣ ಕಾಗದ ಸಿಕ್ಕಿದ್ದೇ ಕಷ್ಟ, ಸಿಕ್ಕ ಚೂರು ಪಾರು ಕಾಗದದ ಮೇಲೇ ಪಾಠ. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೀಬೇಕು ಅಂತಿದ್ರು, ಜನರನ್ನ ನಂಬರ್ ಹಾಕಿ ಸಾಗಿಸ್ತಿದ್ದ ಜಾಗದಲ್ಲಿ. ಮಕ್ಕಳು ಬರೆದಿದ್ದು ಮನೆ, ಹೂವು, ಚಿಟ್ಟೆ, ಕಿಟಕಿ. 1944ರ ಅಕ್ಟೋಬರ್‌ನಲ್ಲಿ ಆಕೆಯನ್ನ ಆಶ್‌ವಿಟ್ಜ್ ಅನ್ನೋ ಸಾವಿನ ಶಿಬಿರಕ್ಕೆ ಕಳಿಸಿ ಕೊಂದ್ರು, ಹೊರಡೋ ಮುಂಚೆ ಎರಡು ಸೂಟ್‌ಕೇಸಲ್ಲಿ ಚಿತ್ರಗಳನ್ನ ಬಚ್ಚಿಟ್ಟಿದ್ರು. 4,000ಕ್ಕೂ ಹೆಚ್ಚು ಚಿತ್ರ ಇವತ್ತು ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ, ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳೀಲಿಲ್ಲ. ಆ ಕ್ಲಾಸಿಂದ ಹೊರಗಿನ ಯಾವ ಕಷ್ಟವೂ ಕಮ್ಮಿ ಆಗಲಿಲ್ಲ. ಅಷ್ಟು ಹೊತ್ತು ಆ ಮಕ್ಕಳ ಬೆಂಚಿನ ಮೇಲೆ ಗೆರೆ ಮತ್ತೆ ಬಣ್ಣ ಕೂತಿದ್ವು.

ಆಗ್ತಿದೆ ಅಂತ ಗೊತ್ತಾಗೋದು ಹೇಗೆ

ನಗು ಎಣಿಸಬೇಡಿ, ಎಷ್ಟು ಪ್ರಶ್ನೆ ಬಂತು ಅಂತ ನೋಡಿ. ಭಯ ಇರೋ ಕ್ಲಾಸಲ್ಲಿ ಮಕ್ಕಳು ಕೇಳೋದು "ಸರ್, ಇದು ಪರೀಕ್ಷೆಗೆ ಬರತ್ತಾ" ಅಂತ. ಜಾಗ ಇರೋ ಕ್ಲಾಸಲ್ಲಿ "ಸರ್, ಹಿಂಗಿದ್ದಿದ್ದನ್ನ ಹಂಗೆ ಮಾಡಿದ್ರೆ ಏನಾಗತ್ತೆ" ಅಂತ ಬರತ್ತೆ, ಬೆಲ್ ಆದ್ಮೇಲೆ ಬೇರೆ, ನಿಮಗೆ ಮುಂದಿನ ಕ್ಲಾಸಿಗೆ ಲೇಟಾಗ್ತಿರೋವಾಗ.